ತಂದೆಯ ಹೆಸರು, ಎರಡು ಸಲ

ಕೋಲ್ಕತ್ತದಲ್ಲಿ ಕೆಲಸ ಹೋದ ರೈಲ್ವೆ ಕೂಲಿಗಳ ಪರಿಹಾರ ಕಚೇರಿ ನಡೆದದ್ದೇ ನನ್ನಿಂದ ಅನ್ನಿ. ನಿಧಿಯಲ್ಲಿ ಪರಿಹಾರಕ್ಕೆ ಹಣವಿತ್ತು. ಹಂಚುವ ನಮಗೆ ಫಾರಂ ಅಚ್ಚು ಹಾಕಿಸಲು ಬಿಡಿಗಾಸಿರಲಿಲ್ಲ.

ಅರ್ಜಿಯ ಕೊನೆಯ ದಿನ ಹಳಿ ರಿಪೇರಿಯ ಹರಿಪದೊ ಓಡಿಬಂದ. "ದಾದಾ, ಫಾರಂ ಇಲ್ವಾ? ಮನೇಲಿ ಒಲೆ ಹೇಗೆ ಹಚ್ಚಲಿ?"

"ನಾನಿರುವಾಗ ಅಚ್ಚುಕೂಟ ಯಾಕಯ್ಯಾ?" ಎಂದು ಹಳೇ ವೇಳಾಪಟ್ಟಿಯ ಹಿಂಬದಿಗೆ ಸ್ಕೇಲಿಟ್ಟು ಫಾರಂ ಬರೆದುಕೊಟ್ಟೆ. ಅವಸರಕ್ಕೆ 'ತಂದೆಯ ಹೆಸರು' ಎರಡು ಸಲ ಬಂತು.

"ಇನ್ನೊಬ್ಬ ಅಪ್ಪನ್ನ ಎಲ್ಲಿಂದ ತರಲಿ, ದಾದಾ?"

"ಇದ್ದವರನ್ನೇ ಎರಡು ಸಲ ಬರಿ. ನೆನೆದಷ್ಟೂ ಪುಣ್ಯ."

ಪರಿಹಾರ ಬಂತು. ಮೇಲಿನವರು ನನ್ನ ಫಾರಮ್ಮನ್ನೇ ಮಾದರಿ ಮಾಡಿಕೊಂಡರು.

ಹರಿಪದೊ ಈಗಿಲ್ಲ. ಮೊನ್ನೆ ಜಾದವ್‌ಪುರದಲ್ಲಿ, ಕೆಲಸ ಹೋದ ಅವನ ಮಗ ಮೊಬೈಲಿನಲ್ಲಿ ಅದೇ ಫಾರಂ ತುಂಬುತ್ತಿದ್ದ. ಎರಡೂ ಕಡೆ ಅಪ್ಪನ ಹೆಸರು ಬರೆದ.

ಅದನ್ನು ರಚಿಸಿದವನ ಹೆಸರಿಗೆ ಮಾತ್ರ ಒಂದು ಸಾಲೂ ಇರಲಿಲ್ಲ, ನೋಡಿ.