ಹುಸಿ ಹೂವು ಕತ್ತರಿಸಿದ ಟೇಲರು

ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ದುಡಿದು ನಿವೃತ್ತರಾದ ನರ್ಸಮ್ಮನಿಗೆ ತೋಟ ಬೇಕಿರಲಿಲ್ಲ. ಬೇಕಿದ್ದದ್ದು ಅವರ ಯಜಮಾನರಾದ ಟೇಲರಿಗೆ. ಹಿರಿಮಗಳು ಮದುವೆಯಾಗಿ ಹೋದಳು, ಕಿರಿಮಗಳು ರೈಲ್ವೆ ಕೆಲಸ ಹಿಡಿದು ದೂರ ಹೊರಟಳು, ಮನೆ ಬಿಕೋ ಎನ್ನತೊಡಗಿತು. ಆಗಲೇ ಟೇಲರ ತಲೆಗೆ ಹುಳ ಹೊಕ್ಕಿದ್ದು. ಹೊಲಿಗೆ ಅಂಗಡಿ ಮುಚ್ಚಿ, ಹಳ್ಳಿಯಲ್ಲಿ ಅರ್ಧ ಎಕರೆ ನೆಲವನ್ನೂ ಎರಡು ಕೋಣೆಯ ಮನೆಯನ್ನೂ ಕೊಂಡೇಬಿಟ್ಟರು. ನರ್ಸಮ್ಮ ಜಗಳವಾಡಲಿಲ್ಲ, ಕರಾರು ಹಾಕಿದರು.

“ಒಂದೇ ಒಂದು ಬೆಳೆ. ಕೈಹತ್ತಿದ್ರೆ ಇಲ್ಲೇ ಇರೋಣ. ಇಲ್ಲಾಂದ್ರೆ ತುಟಿ ಪಿಟಕ್ಕೆನ್ನದೆ ಪೇಟೆ ಮನೆಗೆ ವಾಪಸ್. ಒಪ್ಪಿಗೆನಾ?”

“ಒಪ್ಪಿದೆ ಕಣೇ,” ಎಂದರು ಟೇಲರು.

ಸುಳ್ಳೇಕೆ, ಹಳ್ಳಿ ನರ್ಸಮ್ಮನನ್ನೇನೂ ಕಚ್ಚಲಿಲ್ಲ. ನಿದ್ದೆ ಚೆನ್ನಾಗಿ ಬರುತ್ತಿತ್ತು, ಮಂಡಿನೋವು ತಗ್ಗಿತ್ತು. ಆದರೂ ಬೀದಿಯ ಗಲಾಟೆ, ಎದುರುಮನೆ ಗೆಳತಿಯ ಹರಟೆ ನೆನಪಾದರೆ ಮನಸ್ಸು ಪೇಟೆಗೇ ಓಡುತ್ತಿತ್ತು.

ಟೇಲರು ಕುಂಬಳ ಹಾಕಿದರು. ಹಾಕಿದ ಚೆಂದವನ್ನು ನೋಡಬೇಕಿತ್ತು! ಕೊರಳಲ್ಲಿ ಟೇಪು, ಕಿವಿಯ ಮೇಲೆ ಸೀಮೆಸುಣ್ಣ. ಗುಣಿಯಿಂದ ಗುಣಿಗೆ ಅಳತೆ ಇಂಚೂ ಹೆಚ್ಚಿಲ್ಲ, ಇಂಚೂ ಕಡಿಮೆಯಿಲ್ಲ. ಬಳ್ಳಿ ಹಬ್ಬಿ ಹಳದಿ ಹೂ ಬಿಟ್ಟಾಗ ಅವರಿಗೆ ಸ್ವರ್ಗಕ್ಕೆ ಮೂರೇ ಗೇಣು. ಕೆಲವು ಹೂವಿನ ಬುಡದಲ್ಲಿ ಗೋಲಿಯಷ್ಟು ಹೀಚು ಇತ್ತು, ಉಳಿದವು ಬರೀ ತೊಟ್ಟಿನ ಮೇಲೆ ನಿಂತಿದ್ದವು. ಹೀಚಿಲ್ಲದ ಹೂವೆಂದರೆ ಟೇಲರ ಕಣ್ಣಿಗೆ ಅಂಗಿಯಲ್ಲಿ ಉಳಿದುಹೋದ ದಾರದ ತುದಿ. ಬೆಳಗಾದರೆ ಸಾಕು, ಚಿಕ್ಕ ಕತ್ತರಿ ಹಿಡಿದು ಹೋಗಿ ಅಂಥವನ್ನೆಲ್ಲ ಮೊಗ್ಗಾಗಿರುವಾಗಲೇ ಕಚಕ್ ಎನಿಸಿ ಬರುತ್ತಿದ್ದರು.

“ಈ ಹುಸಿ ಹೂವಿಗೆ ನೆಲದ ಸಾರ ಯಾಕೆ ದಂಡ? ಎಲ್ಲಾ ಕಾಯಿಗೇ ಹೋಗ್ಲಿ,” ಎನ್ನುವುದು ಅವರ ಲೆಕ್ಕಾಚಾರ.

ಹೀಚುಗಳು ಮಾತ್ರ ಹಳದಿಯಾಗಿ ಉದುರತೊಡಗಿದವು. ನೀರು ಹೆಚ್ಚಿಸಿದರು, ತಗ್ಗಿಸಿದರು, ಗೊಬ್ಬರ ಸುರಿದರು. ಊಹೂಂ! ಒಂದು ಸಂಜೆ ಪಕ್ಕದ ಮನೆಯ ಅಜ್ಜಿ ಬೇಲಿಯಾಚೆಯಿಂದ ನರ್ಸಮ್ಮನನ್ನು ಕರೆದರು.

“ನಿನ್ನ ಗಂಡನಿಗೇನು ತಲೆ ಕೆಟ್ಟಿದೆಯಾ ತಂಗಿ? ಗಂಡು ಹೂವನ್ನೆಲ್ಲ ಕತ್ತರಿಸಿ ಎಸೀತಾನಲ್ಲ! ಆಮೇಲೆ ಕಾಯಿ ಏನು ಆಕಾಶದಿಂದ ಉದುರುತ್ತಾ?”

ನರ್ಸಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. ಸಾವಿರಾರು ಕೂಸುಗಳನ್ನು ಭೂಮಿಗಿಳಿಸಿದ ತನಗೇ ಇಷ್ಟು ಹೊಳೆಯಲಿಲ್ಲವಲ್ಲ! ಹೇಳಲೆಂದು ಮನೆಯತ್ತ ಹೊರಟವರು ಅರ್ಧ ದಾರಿಯಲ್ಲೇ ನಿಂತರು. ಹೇಳದಿದ್ದರೆ? ಹೂವಿನ ಕಾಲ ಇನ್ನು ಹತ್ತೇ ದಿನ. ಆಮೇಲೆ ಕರಾರಿನಂತೆ ಪೇಟೆ. ಸುಳ್ಳು ಹೇಳಬೇಕಿಲ್ಲ, ಸುಮ್ಮನಿದ್ದರೆ ಸಾಕು.

ಎರಡು ದಿನ ಸುಮ್ಮನಿದ್ದರು. ಮೂರನೆಯ ದಿನ ಟೇಲರು ಉದುರಿದ ಹೀಚುಗಳನ್ನು ಬಟ್ಟೆಯ ಮೇಲೆ ಸಾಲಾಗಿಟ್ಟು, ಒಂದೊಂದನ್ನೇ ತಿರುಗಿಸಿ ನೋಡುತ್ತ ಕೂತಿದ್ದರು.

“ನನ್ನ ಕೈಯಲ್ಲೇ ಏನೋ ದೋಷ ಇದೆ ಅನ್ಸುತ್ತೆ ಕಣೇ,” ಎಂದರು.

ನಲವತ್ತು ವರ್ಷ ಒಬ್ಬರ ಬಟ್ಟೆಯನ್ನೂ ಕೆಡಿಸದ ಕೈ ಅದು. ನರ್ಸಮ್ಮ ಪಕ್ಕದಲ್ಲೇ ಬಂದು ಕೂತರು.

“ಕೈ ಸರಿಯಾಗೇ ಇದೆ, ಮೊದ್ಲು ಆ ಕತ್ತರಿ ಕೆಳಗಿಡಿ!” ಎಂದು ಗದರಿ, ಅಜ್ಜಿ ಹೇಳಿದ್ದನ್ನೆಲ್ಲ ಹೇಳಿದರು. ಅದನ್ನು ಕೇಳಿ ಎರಡು ದಿನವಾಯಿತೆಂಬುದನ್ನು ಮಾತ್ರ ನುಂಗಿಕೊಂಡರು.

ಮರುದಿನ ಬೆಳಿಗ್ಗೆ ಅಜ್ಜಿಯ ಹಿತ್ತಿಲಿನಿಂದ ಗಂಡು ಹೂ ಕೇಳಿ ತಂದು, ಎಸಳು ಬಿಡಿಸಿ, ಒಂದೊಂದು ಹೆಣ್ಣು ಹೂವಿನ ಒಳಗೂ ಅದರ ಪರಾಗವನ್ನು ನರ್ಸಮ್ಮನೇ ಮೆಲ್ಲಗೆ ಸವರಿದರು. ಟೇಲರು ಚೊಚ್ಚಲ ಹೆರಿಗೆಗೆ ಬಂದ ಗಂಡನಂತೆ ಕೈಕೈ ಹಿಸುಕಿಕೊಳ್ಳುತ್ತಿದ್ದರು.

“ಸ್ವಲ್ಪ ದೂರ ನಿಲ್ರೀ, ಗಂಡಸರಿಗೆ ಇಲ್ಲೇನು ಕೆಲಸ?”

ಹೂವಿನ ಕಾಲ ಮುಗಿಯುವವರೆಗೂ ಇದೇ ನಡೆಯಿತು. ಕೊನೆಗೆ ಉದುರದೆ ಉಳಿದು ಊದಿಕೊಂಡದ್ದು ಹದಿನೇಳು ಕಾಯಿ.

ಅರ್ಧ ಎಕರೆಗೆ ಹದಿನೇಳು ಕಾಯಿಯನ್ನು ಬೆಳೆಯೆಂದು ಯಾರಾದರೂ ಅಂದಾರೆಯೇ? ಟೇಲರು ಮಾತಿಗೆ ತಪ್ಪುವ ಆಸಾಮಿಯಲ್ಲ. ಪೆಟ್ಟಿಗೆ ಎಳೆದುಕೊಂಡು ಬಟ್ಟೆ ಮಡಿಸತೊಡಗಿದರು.

“ಕರಾರು ಅಂದ್ರೆ ಕರಾರು. ನಾಳೆ ಹೊರಡೋಣ.”

ನರ್ಸಮ್ಮ ಬಾಗಿಲಲ್ಲೇ ನಿಂತಿದ್ದರು. “ರೀ, ಗಂಡು ಹೂವಿನ ವಿಷಯ ನಿಮಗೆ ಹೇಳೋಕೆ ಎರಡು ದಿನ ಮೊದ್ಲೇ ನನಗೆ ಗೊತ್ತಿತ್ತು. ಪೇಟೆಗೆ ಹೋಗೋ ಆಸೆಗೆ ಬಾಯಿ ಬಿಡಲಿಲ್ಲ.”

ಮಡಿಸುತ್ತಿದ್ದ ಅಂಗಿ ಟೇಲರ ಕೈಯಲ್ಲೇ ಉಳಿಯಿತು. ಅದನ್ನು ಬಿಡಿಸಿ, ಮತ್ತೆ ಮೊದಲಿನಿಂದ ಮಡಿಸಿದರು.

“ಹೋಗ್ಲಿ ಬಿಡು,” ಎಂದರು ಕೊನೆಗೆ. “ಹೇಗೂ ಈಗ ಹೋಗ್ತಾ ಇದೀವಲ್ಲ.”

“ಹೋಗೋದಾ? ಎಲ್ಲಿಗೆ?” ಎಂದು ನರ್ಸಮ್ಮ ಸಿಡುಕಿದರು. ಕಣ್ಣು ತುಂಬಿ ಬಂದಿತ್ತು. “ಹದಿನೇಳು ಜನ ಬಸುರಿಯರನ್ನ ಹಾಗೇ ಬಿಟ್ಟು, ಡ್ಯೂಟಿ ಮಧ್ಯೆ ಎದ್ದು ಹೋಗೋಳೇನ್ರೀ ನಾನು?”