ಟೇಲರಕ್ಕ ಎಬ್ಬಿಸಿದ ಬೈಕು

ಬೀದಿಗೆಲ್ಲ ಅವಳು ಟೇಲರಕ್ಕ. ಕತ್ತರಿಗಿಂತ ಅವಳ ನಾಲಿಗೆ ಹರಿತ ಎನ್ನುವವರೂ ಬಟ್ಟೆ ಹೊಲಿಸಲು ಅವಳ ಬಾಗಿಲಿಗೇ ಬರುತ್ತಿದ್ದರು. ಅಂಗಡಿಗಳಿಗೆ ಹೊಲಿದದ್ದನ್ನು ಗಂಟು ಕಟ್ಟಿ, ಹೆಗಲಿಗೇರಿಸಿ, ಅಂಗಡಿಯಿಂದ ಅಂಗಡಿಗೆ ನಡೆದು ಅವಳ ಕಾಲುಗಳು ಬಿದ್ದುಹೋಗುತ್ತಿದ್ದವು. ಅಣ್ಣನ ಸ್ಕೂಟರ್ ಕೇಳಿದ ದಿನವೆಲ್ಲ ಅದರಲ್ಲಿ ಪೆಟ್ರೋಲ್ ಇರುತ್ತಿರಲಿಲ್ಲ.

ತೀರಿಹೋದ ಅಪ್ಪನ ಬೈಕು ಹಿತ್ತಲಲ್ಲಿ ತುಕ್ಕು ಹಿಡಿದು ನಿಂತಿತ್ತು. ಅಣ್ಣ ಒಂದು ದಿನ, "ತಿಂಗಳ ಕೊನೇ ಭಾನುವಾರ ಗುಜರಿಯವನು ಬರ್ತಾನೆ, ಎತ್ಕೊಂಡು ಹೋಗ್ಲಿ" ಎಂದ.

"ಅಷ್ಟರಲ್ಲಿ ಸ್ಟಾರ್ಟ್ ಆದ್ರೆ?"

"ಆದ್ರೆ ನೀನೇ ಇಟ್ಕೋ!" ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ.

ಆ ನಗುವಿಗೆ ಅವಳ ಮೈ ಉರಿಯಿತು. ಹೆಂಗಸು ಹೊಲಿಗೆ ಯಂತ್ರ ಬಿಚ್ಚಿ ಜೋಡಿಸಿದರೆ ಜಾಣತನ, ಬೈಕು ಬಿಚ್ಚಿದರೆ ಮಾತ್ರ ಅಧಿಕಪ್ರಸಂಗ! ಇರಲಿ, ಆ ಬಿರುದು ಅವಳಿಗೆ ಹೊಸದಲ್ಲ. ಬೈಕು ಓಡಿಸುವುದನ್ನೂ ಎಂದೋ ಗೆಳತಿಯ ಗಾಡಿಯಲ್ಲಿ ಕಲಿತಿದ್ದಳು.

ಚೈನನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿದಳು. ಟ್ಯಾಂಕಿನೊಳಗೆ ಹಿಡಿ ನಟ್ಟು ಹಾಕಿ ಕುಲುಕಿ ಕುಲುಕಿ ತುಕ್ಕು ಉದುರಿಸಿದಳು. ಉಪ್ಪುಕಾಗದ ಉಜ್ಜಿ ಬೆರಳ ತುದಿ ಸವೆಯಿತು. ಸೀಟಿಗೆ ಮಿಕ್ಕ ರೆಕ್ಸಿನ್ ತುಂಡುಗಳನ್ನು ಜೋಡಿಸಿ ಹೊಲಿದಳು. ಗೇಟಿಗೆ ಬಳಿದು ಉಳಿದ ಹಸಿರು ಬಣ್ಣವೇ ಬೈಕಿಗೂ ಆಯಿತು. ಬಟ್ಟೆಯ ಒಳಮಗ್ಗುಲಲ್ಲೂ ಒಂದು ಬಿಡಿ ಎಳೆ ಕಂಡರೆ ಸಹಿಸದ ಕೈ ಅದು. ಕಬ್ಬಿಣ ಕಂಡಲ್ಲೆಲ್ಲ, ಬೋಲ್ಟು ಕೂರುವ ತೂತಿನ ಸುತ್ತಲೂ ಬಿಡದೆ ಬಳಿದಳು.

ಭಾನುವಾರ ಬಂತು. ಗುಜರಿಯವನೂ ಬಂದ. ಅವಳು ಕಿಕ್ ಹೊಡೆದಳು, ಹೊಡೆದಳು. ಬೈಕು ತುಟಿ ಪಿಟಕ್ಕೆನ್ನಲಿಲ್ಲ. ಪ್ಲಗ್ ಬಿಚ್ಚಿ ನೋಡಿದರೆ ಕಿಡಿಯೇ ಇಲ್ಲ.

"ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು" ಎಂದ ಅಣ್ಣ. "ಎತ್ತಪ್ಪಾ ಗಾಡೀನ."

"ಮುಟ್ಟಿದ್ರೆ ಕೈ ಮುರೀತೀನಿ!" ಎಂದಳು ಟೇಲರಕ್ಕ. ಗುಜರಿಯವನು ಬುದ್ಧಿವಂತ, ಎರಡು ಹೆಜ್ಜೆ ಹಿಂದೆ ಸರಿದ.

ಅವಳು ಬೈಕಿನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಬಿಚ್ಚಿದ್ದನ್ನೆಲ್ಲ ಇದ್ದಹಾಗೇ ಜೋಡಿಸಿದ್ದಳು. ತಾನಾಗಿ ಸೇರಿಸಿದ್ದು ಏನು? ಬಣ್ಣ. ಕಬ್ಬಿಣಕ್ಕೆ ಕಚ್ಚಿಕೊಂಡಿರಬೇಕಾದ ಅರ್ಥ್ ವೈರು ಈಗ ಬಣ್ಣದ ಮೇಲೆ ಕೂತಿತ್ತು! ಬಣ್ಣ ದಾಟಿ ಕರೆಂಟು ಹರಿಯುವುದು ಹೇಗೆ? ತನ್ನ ಅಚ್ಚುಕಟ್ಟಿನ ಮೇಲೇ ಅವಳಿಗೆ ಸಿಟ್ಟು ಬಂತು. ಬೋಲ್ಟು ಬಿಚ್ಚಿ, ಅಷ್ಟು ಅಕ್ಕರೆಯಿಂದ ಬಳಿದ ಹಸಿರನ್ನು ಕತ್ತರಿಯ ತುದಿಯಿಂದ ಕರಕರ ಕೆರೆದಳು. ಬಿಳಿ ಕಬ್ಬಿಣ ಕಾಣುವವರೆಗೆ ಬಿಡಲಿಲ್ಲ. ವೈರು ಬಿಗಿದು ಮತ್ತೆ ಕಿಕ್ ಹೊಡೆದಳು.

ಬೈಕು ಒಮ್ಮೆ ಕೆಮ್ಮಿತು. ಆಮೇಲೆ ಬೀದಿಗೆಲ್ಲ ಕೇಳುವಂತೆ ಗುಡುಗಿತು.

ಅಣ್ಣ ಮುಂದೆ ಬಂದು ಹ್ಯಾಂಡಲ್ ಹಿಡಿದ. "ಸರಿ ಸರಿ, ಇಳಿ. ನಾನೊಂದು ರೌಂಡ್ ಹೋಗಿ ನೋಡ್ತೀನಿ. ನೀನು ಬಿದ್ದುಗಿದ್ದು ಬಿಟ್ಟೀಯ."

"ನೋಡ್ಬೇಕು ಅಂದ್ರೆ ಹಿಂದೆ ಕೂತ್ಕೋ ಅಣ್ಣ" ಎಂದಳು. "ಬಿದ್ರೆ ಇಬ್ರೂ ಒಟ್ಟಿಗೇ ಬೀಳೋಣ."

ಬೀದಿಯ ಬಾಗಿಲುಗಳೆಲ್ಲ ತೆರೆದಿದ್ದವು. ಅಣ್ಣ ಅತ್ತಿತ್ತ ನೋಡಿದ, ಪಂಚೆ ಎತ್ತಿ ಕಟ್ಟಿದ, ಹಿಂದೆ ಕೂತ.