ಗೇರುಹಣ್ಣಿನ ಬಣ್ಣ ಬರುವವರೆಗೆ

ಮೊಮ್ಮಗಳು ಹುಟ್ಟಿದಳು! ಬೇರೆ ಏನನ್ನಾದರೂ ಬರೆಯುವ ಮೊದಲು ಇದನ್ನು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಕೈ ಮುಂದೆ ಓಡುವುದಿಲ್ಲ. ಮಗಳ ಚೊಚ್ಚಲ ಹೆರಿಗೆ, ಮಂಕಿ ಊರಿನ ನಮ್ಮ ಮನೆಯಲ್ಲೇ ಆಯಿತು. ಆ ಕೂಸು ಈಗ ನನಗಿಂತ ಎತ್ತರ ಬೆಳೆದಿದ್ದಾಳೆ. ಆದರೂ ಆ ದಿನ ನೆನಪಾದರೆ ಯಾರನ್ನಾದರೂ ನಿಲ್ಲಿಸಿ ಸುದ್ದಿ ಹೇಳಿಬಿಡೋಣ ಅನ್ನಿಸುತ್ತದೆ. ನಾನು ಶಾಲೆಗೆ ಹೋದದ್ದು ಅಕ್ಷರ ಕೂಡಿಸಿ ಓದುವಷ್ಟೇ. ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮದು ಕಬ್ಬಿಣದ ಕೆಲಸದ ಮನೆ. ಕುಲುಮೆಯಲ್ಲಿ ನಮ್ಮ ಯಜಮಾನರು ಸುತ್ತಿಗೆ ಹಿಡಿದು ಅಡಿಗಲ್ಲಿನ ಮುಂದೆ, ನಾನು ತಿದಿಯ ಹಿಂದೆ, ಮದುವೆಯಾದಲ್ಲಿಂದ ಹಾಗೇ. ತಿದಿ ಅಂದರೆ ಬೆಂಕಿಗೆ ಗಾಳಿ ಊದುವ ತೊಗಲಿನ ಚೀಲ. ಅದರ ಗಾಳಿ ಒಂದು ಮಣ್ಣಿನ ಕೊಳವೆಯಲ್ಲಿ ಹಾದು ಒಲೆಗೆ ಹೋಗುತ್ತದೆ.

ಮನೆಯಲ್ಲಿ ಹೆರಿಗೆಯಾದರೆ ಸೂತಕ. ನಾವು ಅಮೆ ಎನ್ನುತ್ತೇವೆ. ಅಮೆ ಕಳೆಯುವವರೆಗೆ ಕುಲುಮೆಗೆ ಬೆಂಕಿ ಹಾಕುವಂತಿಲ್ಲ. ಕಳೆದ ದಿನ ಮನೆ ಸಾರಿಸಿ, ಬೆಂಕಿ ಹೊತ್ತಿಸಿ, ಆ ಮೊದಲ ಬೆಂಕಿಯಲ್ಲೇ ಕೂಸಿನ ಹೆಸರಿನಲ್ಲಿ ಏನಾದರೂ ಬಡಿಯಬೇಕು. ಸಂಜೆ ತೊಟ್ಟಿಲಿಗೆ ಹಾಕುವಾಗ ಅದನ್ನು ತಲೆಯ ಕಡೆ ಹಾಸಿಗೆಯಡಿ ಇಡುತ್ತೇವೆ, ಕೂಸು ಬೆಚ್ಚಿಬೀಳಬಾರದು ಎಂದು. ನಮ್ಮ ಮನೆಯ ರೂಢಿಯಲ್ಲಿ ಗಂಡಿಗೆ ಸಣ್ಣ ಚೂರಿ, ಹೆಣ್ಣಿಗೆ ಒಂದು ಮೊಳೆ. ಆದರೆ ಅವರು ಮೊಮ್ಮಗಳ ಮುಖ ನೋಡಿದ ಗಳಿಗೆಯಿಂದ ಒಂದೇ ಮಾತು ಹಿಡಿದಿದ್ದರು: "ಇವಳಿಗೆ ಚೂರಿಯೇ. ಅದೂ ಉಕ್ಕಿಂದು. ದೊಡ್ಡ ಆದ್ಮೇಲೆ ಅದ್ರಲ್ಲೇ ಬಸಳೆ ಕೊಯ್ಲಿ."

ಆಗ ಶರಾವತಿಗೆ ಸೇತುವೆ ಇರಲಿಲ್ಲ. ಹೊನ್ನಾವರದಲ್ಲಿ ಲಾರಿಗಳನ್ನು ದೋಣಿಯ ಮೇಲೆ ಹೊಳೆ ದಾಟಿಸುತ್ತಿದ್ದರು. ಹಾಗೆ ಹತ್ತಿ ಇಳಿಯುವಾಗ ಮುರಿದುಬಿದ್ದ ಪಾಟಾದ ಒಂದು ತುಂಡು, ಗಾಲಿಯ ಮೇಲೆ ಭಾರ ತಡೆಯುವ ಬಾಗಿದ ಪಟ್ಟಿ, ಅವರ ಹತ್ತಿರ ಇತ್ತು. ಬೇರೆ ಉಕ್ಕು ಇರಲಿಲ್ಲ. ಪಾಟಾದ ಉಕ್ಕಿಗೆ ಸೊಕ್ಕು ಹೆಚ್ಚು. ಸರಿಯಾಗಿ ಕಾಯದೆ ಬಡಿದರೆ ಸೀಳುತ್ತದೆ. ಮುರುಗಲ ಹಣ್ಣಿನ ಕಪ್ಪುಗೆಂಪು ಅದಕ್ಕೆ ಸಾಲದು. ಮಾಗಿದ ಗೇರುಹಣ್ಣಿನ ಹಳದಿಗೆಂಪು ಬಣ್ಣ ಬರಬೇಕು.

ಅಮೆ ಕಳೆಯುವ ದಿನ ಸಾರಿಸುವ ಕೆಲಸಕ್ಕೆ ನನ್ನ ನಾದಿನಿ, ಅವರ ತಂಗಿ, ಜಾಲಿಯಿಂದ ಬಂದಿದ್ದಳು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ನಾನು ಬಾಣಂತಿಗೆ ನೀರು ಹಾಕಿ ಬರುವಷ್ಟರಲ್ಲಿ ಮನೆಯನ್ನೆಲ್ಲ ಸಗಣಿ ಹಾಕಿ ಸಾರಿಸಿ ಮುಗಿಸಿದ್ದಳು.

ಬೆಂಕಿ ಹಾಕಿದೆವು. ನಾನು ತಿದಿ ಒತ್ತಿದೆ. ಒತ್ತಿದೆ, ಒತ್ತಿದೆ. ಕೆಂಡ ಕೆಂಪಾಯಿತೇ ಹೊರತು ಮೇಲೇರಲಿಲ್ಲ.

"ಒತ್ತೇ ಮಾರಾಯ್ತಿ, ಕೂಸಿನ ಬದ್ಲಿಗೆ ನೀನೇ ನಿದ್ದೆ ಮಾಡ್ತೆ ಎಂತ?" ಎಂದರು ಅವರು.

"ಒತ್ತಿ ಒತ್ತಿ ರಟ್ಟೆ ಬಿದ್ಹೋತು. ನಿಮ್ಮ ಬೆಂಕಿಗೂ ಬಾಣಂತನ ಮಾಡ್ಬೇಕು ಕಾಣ್ತದೆ."

ಅವರಿಗೆ ತಾಳ್ಮೆ ತಪ್ಪಿತು. ಮುರುಗಲ ಬಣ್ಣದಲ್ಲಿದ್ದಾಗಲೇ ಪಟ್ಟಿಯನ್ನು ಇಕ್ಕಳದಲ್ಲಿ ಎಳೆದು ಒಂದು ಪೆಟ್ಟು ಕೊಟ್ಟರು. ಕಲ್ಲಿಗೆ ಬಡಿದಂತೆ ಠಣ್ ಎಂದಿತು. ತುದಿಯಲ್ಲಿ ಕೂದಲೆಳೆಯಂಥ ಬಿರುಕು. ಸುತ್ತಿಗೆ ಕೆಳಗಿಟ್ಟು ಅದನ್ನೇ ನೋಡುತ್ತ ಕುಳಿತರು.

ಬಾಗಿಲಲ್ಲಿ ನಿಂತಿದ್ದ ನಾದಿನಿ ಹೇಳಿದಳು: "ಹೆಣ್ಣಿಗೆ ಮೊಳೆ ಸಾಕು ಅಣ್ಣ. ಕುಲುಮೆಗೂ ಅದೇ ಮನಸ್ಸು, ನೋಡು."

ಒಳಗಿಂದ ಮಗಳು ಕೂಗಿದಳು: "ಅಪ್ಪ, ನಂಗೆ ಇಟ್ಟ ಮೊಳೆ ತುಕ್ಕು ಹಿಡ್ದು ಎಲ್ಲಿ ಹೋತೋ! ಇವಳಿಗೆ ಚೂರಿಯೇ ಮಾಡು."

ಅವರು ಪಟ್ಟಿಯನ್ನು ಮತ್ತೆ ಕೆಂಡಕ್ಕೆ ಇಟ್ಟರು. ಸಂಜೆ ಅಘನಾಶಿನಿ ಊರಿನಿಂದ ಅಳಿಯ ಬರುವವನಿದ್ದ. ದೀಪ ಹಚ್ಚುವ ಹೊತ್ತಿಗೆ ತೊಟ್ಟಿಲು ತೂಗಬೇಕು.

ಮತ್ತೆ ತಿದಿ ಒತ್ತಿದೆ. ಗಾಳಿ ಮುಂದೆ ಹೋಗದೆ ನನ್ನ ಕೈಯನ್ನೇ ಹಿಂದಕ್ಕೆ ನೂಕಿತು. ಬೆಂಕಿಯಿಂದ ಹಸಿ ಸಗಣಿಯ ವಾಸನೆ, ಅಂಚಿನಲ್ಲಿ ಹಬೆ. ಬಗ್ಗಿ ನೋಡಿದೆ.

"ಏ ತಂಗಿ, ಒಲೆಗೂ ಸಗಣಿಮಣ್ಣು ಮೆತ್ತಿದ್ಯ?"

"ಮತ್ತೆ? ಅಮೆ ಕಳೆಯೂದು ಅಂದ್ರೆ ಒಲೆ ಬಿಡೂಕೆ ಆತದ ಅತ್ತಿಗೆ? ದಪ್ಪ ಮೆತ್ತಿದ್ದೆ. ಆ ಕೊಳವೆ ಬಾಯಿ ಸೊಟ್ಟ ಇತ್ತು, ಸಣ್ಣ ಮಾಡಿ ಚಂದ ಮಾಡ್ದೆ."

ಅವರು ತಂಗಿಯನ್ನು ನೋಡಿದ ರೀತಿಗೆ ಇಕ್ಕಳ ಹಾರಿಬರುತ್ತದೆ ಎಂದುಕೊಂಡೆ. ಹಾರಿಬಂದದ್ದು ನಗು. "ಚಂದ ಮಾಡ್ದ್ಯ! ಮೂಗು ಹಿಡ್ಕೊಂಡು ಗುಡ್ಡ ಹತ್ತು ಅಂದಾಂಗೆ ಆತು."

ಹಸಿ ಮಣ್ಣನ್ನೆಲ್ಲ ಕೆರೆದು ತೆಗೆದೆವು. ಕೊಳವೆಯ ಬಾಯಿ ಬಿಡಿಸಿದೆವು. ತೆಂಗಿನ ಸಿಪ್ಪೆ ಹಾಕಿ ಸಣ್ಣ ಉರಿಯಲ್ಲಿ ಒಲೆಯನ್ನು ಒಣಗಿಸಿದೆವು. ಆ ಹೊತ್ತು ಬಹಳ ಉದ್ದ ಅನ್ನಿಸಿತು. ಸುಮ್ಮನೆ ಕುಳಿತು ಯೋಚಿಸಿದೆ: ನಮ್ಮ ಸಿಟ್ಟಿಗೆ ಬೆಂಕಿ ಏರುವುದಿಲ್ಲ. ಒದ್ದೆ ಇದ್ದರೆ ಅದು ಮೊದಲು ಒದ್ದೆಯನ್ನೇ ತಿನ್ನುತ್ತದೆ, ಆಮೇಲೆ ಕಬ್ಬಿಣದ ಕಡೆ ನೋಡುತ್ತದೆ. ಹೆರಿಗೆಯ ರಾತ್ರಿ ಮಗಳಿಗೂ ನಾನು ಅದನ್ನೇ ಹೇಳಿದ್ದೆ, ಅವಸರ ಮಾಡಬೇಡ, ಉಸಿರು ಬಿಡು ಎಂದು.

ಒಣಗಿದ ಮೇಲೆ ಕರಟದ ಇದ್ದಿಲನ್ನು ಅಡಿಕೆ ಗಾತ್ರಕ್ಕೆ ಒಡೆದು ತುಂಬಿದರು. ಪಟ್ಟಿಯನ್ನು ಕೆಂಡದ ಮೇಲಿಡದೆ ಹೊಟ್ಟೆಯೊಳಗೆ ಹೂತು, ಮೇಲೂ ಇದ್ದಿಲು ಮುಚ್ಚಿದರು. ನಾದಿನಿ ಸೀರೆ ಎತ್ತಿ ಸಿಕ್ಕಿಸಿ ಬಂದಳು. "ಏಳು ಅತ್ತಿಗೆ. ಮುಚ್ಚಿದವಳೇ ಊದ್ತೆ."

"ಹುಚ್ಚೆದ್ದು ಒತ್ಬೇಡ. ಒಂದೇ ಸಮ," ಎಂದೆ ನಾನು.

ಒಂದೇ ಸಮ ಒತ್ತಿದಳು. ಕೆಂಡದ ನಡುವೆ ಬೆಳಕು ಬದಲಾಯಿತು. ಅವರು ಪಟ್ಟಿಯನ್ನು ಎತ್ತಿದಾಗ, ಅಯ್ಯೋ ದೇವರೇ, ಈಗಷ್ಟೇ ಮರದಿಂದ ಕಿತ್ತ ಗೇರುಹಣ್ಣು! ಬಿರುಕಿನ ತುದಿಯನ್ನು ಕಡಿದು ಬಿಸಾಡಿದರು. ಉಳಿದದ್ದು ಸುತ್ತಿಗೆಯಡಿ ಮಾತು ಕೇಳಿತು. ಕೊನೆಗೆ ತೆಂಗಿನೆಣ್ಣೆಯಲ್ಲಿ ಅದ್ದಿ ಹದ ಕೊಟ್ಟಾಗ ಕುಲುಮೆಯೆಲ್ಲ ಹುರಿದ ಕೊಬ್ಬರಿಯ ಪರಿಮಳ. ಚೂರಿ ನನ್ನ ಬೆರಳಿನಷ್ಟೇ ಉದ್ದ. ಅದನ್ನು ಸೆರಗಿನಲ್ಲಿ ಒರೆಸಿ ಒರೆಸಿ ನೋಡಿದೆ.

ದೀಪ ಹಚ್ಚಿದಾಗ ಅದನ್ನು ಹಾಸಿಗೆಯಡಿ ಇಟ್ಟವಳು ನಾದಿನಿಯೇ, ಯಾರೂ ಹೇಳಿರಲಿಲ್ಲ.

ಆ ಸಂಜೆ ಊಟಕ್ಕೆ ಗಂಡಸರು ಮೊದಲು, ಹೆಂಗಸರು ಆಮೇಲೆ ಎಂಬ ರೂಢಿಯನ್ನು ಅವರೇ ಬಿಡಿಸಿದರು. ಅಳಿಯ, ನಾದಿನಿ, ಮೆಣಸಿನ ಸಾರಿನ ಬಟ್ಟಲು ಹಿಡಿದ ಮಗಳು, ಎಲ್ಲರೂ ತೊಟ್ಟಿಲ ಸುತ್ತಲೇ ಕುಳಿತರು. ಕುಚ್ಚಲಕ್ಕಿ ಅನ್ನ, ಸೌತೆಕಾಯಿ ಹುಳಿ, ಬೆಲ್ಲದ ಪಾಯಸ.

"ಮುಂದಿನ ಕೂಸಿಗೂ ಸಾರ್ಸೂಕೆ ನಾನೇ ಬತ್ತೆ ಅಣ್ಣ," ಎಂದಳು ನಾದಿನಿ. ಅವಳ ಉಗುರಿನಲ್ಲಿ ಇನ್ನೂ ಇದ್ದಿಲು.

"ಬಾ. ಕುಲುಮೆಗೆ ಬೀಗ ಹಾಕಿಡ್ತೆ."

ನಕ್ಕ ನಗುವಿಗೆ ಅಳಿಯನ ನೆತ್ತಿಗೆ ಅನ್ನ ಹತ್ತಿತು. ಎಲ್ಲರೂ ಒಮ್ಮೆಲೇ ಬಾಯಿ ಮುಚ್ಚಿ ತೊಟ್ಟಿಲ ಕಡೆ ನೋಡಿದೆವು. ಕೂಸು ಬೆಚ್ಚಲಿಲ್ಲ, ತುಟಿ ಚೀಪುತ್ತ ಮಲಗಿಯೇ ಇತ್ತು. ನಾನು ಎದ್ದು ಎಲ್ಲರ ಎಲೆಗೂ ಇನ್ನೊಂದು ಸುತ್ತು ಪಾಯಸ ಬಡಿಸಿದೆ.